ವಾರ್ಡೂರ್: ಕೋಟೆ ಕುಸಿಯಿತು, ವಂಶ ಮುಗಿಯಿತು, ಚಾಪೆಲ್ ಉಳಿಯಿತು

ಇಂಗ್ಲೆಂಡಿನ ನೈಋತ್ಯ ಭಾಗದ ವಿಲ್ಟ್‌ಶೈರ್ ಪ್ರಾಂತದಲ್ಲಿ, ಸಾಲ್ಸ್‌ಬರಿ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 15 ಮೈಲಿ ದೂರದಲ್ಲಿ, ಟಿಸ್ಬರಿ ಎಂಬ ಹಳ್ಳಿಯ ಸಮೀಪ ವಾರ್ಡೂರ್ ಎಂಬ ಸ್ಥಳವಿದೆ. ಅಲ್ಲಿ ಒಂದು ಕೆರೆಯ ದಡದಲ್ಲಿ ಅರ್ಧ ಕುಸಿದ ಹಳೆಯ ಕೋಟೆಯೊಂದು ನಿಂತಿದೆ. ಅಲ್ಲಿಂದ ಸುಮಾರು ಒಂದು ಮೈಲಿ ಅಂತರದಲ್ಲಿ ಬಿಳಿಗಲ್ಲಿನ ವಿಶಾಲವಾದ ಅರಮನೆಯೊಂದಿದೆ. ಆ ಅರಮನೆಯ ಒಂದು ಪಾರ್ಶ್ವದಲ್ಲಿ, ಹೊರಗಿನಿಂದ ನೋಡಿದರೆ ಮನೆಯ ಒಂದು ಭಾಗವೆಂದೇ ತೋರುವ ಕಥೋಲಿಕ ಚಾಪೆಲ್ ಇದೆ. ನಾಲ್ಕು ಶತಮಾನಗಳ ಕಾಲ ಈ ಇಡೀ ಪ್ರದೇಶ ಅರುಂಡೆಲ್ ಎಂಬ ಶ್ರೀಮಂತ ಮನೆತನದ ಬೀಡಾಗಿತ್ತು. ಇಂದು ಆ ಮನೆತನದ ಬ್ಯಾರನ್ ಪದವಿಯೇ ಇಲ್ಲ. ಕೋಟೆ ಪ್ರವಾಸಿಗರದ್ದಾಗಿದೆ, ಅರಮನೆ ಖಾಸಗಿ ವಸತಿಗಳಾಗಿ ಹಂಚಿಹೋಗಿದೆ. ಚಾಪೆಲ್‌ನಲ್ಲಿ ಮಾತ್ರ ಬಲಿಪೂಜೆ ಇನ್ನೂ ನಡೆಯುತ್ತಿದೆ.

ಇಂಗ್ಲೆಂಡಿನಲ್ಲಿ ಕಥೋಲಿಕ ಧರ್ಮಾಚರಣೆ ಅಪರಾಧವಾಗಿದ್ದ ದೀರ್ಘ ಕಾಲದಲ್ಲಿ ವಿಶ್ವಾಸ ಹೇಗೆ ಉಳಿದು ಬಂತು ಎಂಬುದನ್ನು ಅರಿಯಲು ವಾರ್ಡೂರ್ ಒಂದು ಉತ್ತಮ ಉದಾಹರಣೆ. ಆಸ್ತಿ, ಕಟ್ಟಡ, ದಾನ ಹಾಗೂ ಅವುಗಳ ಪಾಲನೆಯ ವಿಷಯದಲ್ಲಿ ಧರ್ಮಕೇಂದ್ರಗಳ ಹೊಣೆ ಹೊತ್ತವರು ತಿಳಿದುಕೊಳ್ಳಬೇಕಾದ ಸಂಗತಿಗಳೂ ಈ ಇತಿಹಾಸದಲ್ಲಿವೆ.

ಆರು ಮೂಲೆಯ ಕೋಟೆ

ಹಳೆಯ ಕೋಟೆಯನ್ನು ಕಟ್ಟಿಸಿದವರು ಅರುಂಡೆಲ್ ಮನೆತನದವರಲ್ಲ. ಐದನೆಯ ಲಾರ್ಡ್ ಲವೆಲ್ ಆಗಿದ್ದ ಜಾನ್ ಎಂಬವರು 1393ರಲ್ಲಿ ಎರಡನೆಯ ರಿಚರ್ಡ್ ಅರಸನಿಂದ ಅನುಮತಿ ಪಡೆದು ಇದನ್ನು ಕಟ್ಟಿಸಿದರು. ಆ ಕಾಲದಲ್ಲಿ ಕೋಟೆಗೆ ತೆನೆಗೋಡೆ ಕಟ್ಟಲು ಅರಸನ ಲಿಖಿತ ಅಪ್ಪಣೆ ಬೇಕಾಗಿತ್ತು. ಆರು ಮೂಲೆಗಳ ಆಕಾರದಲ್ಲಿ, ನಡುವೆ ಅಂಗಳ ಬಿಟ್ಟು ಕಟ್ಟಿದ ಇಂಥ ಕೋಟೆ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ. ಯುದ್ಧಕ್ಕಿಂತ ಹೆಚ್ಚಾಗಿ ಅತಿಥಿ ಸತ್ಕಾರಕ್ಕೂ ವೈಭವದ ಬದುಕಿಗೂ ಅನುಕೂಲವಾಗುವಂತೆ ಇದನ್ನು ರೂಪಿಸಲಾಗಿತ್ತು. ಪ್ರವೇಶ ದ್ವಾರದ ಮೇಲ್ಗಡೆ ದೊಡ್ಡ ಸಭಾಂಗಣ, ಅಂಗಳದಲ್ಲಿ ಬಾವಿ, ಸುತ್ತಲೂ ಹಲವು ಅಂತಸ್ತುಗಳಲ್ಲಿ ವಾಸದ ಕೋಣೆಗಳಿದ್ದವು.

ಲವೆಲ್ ಮನೆತನದವರು 15ನೆಯ ಶತಮಾನದ ಸಿಂಹಾಸನದ ಕಲಹದಲ್ಲಿ ಸೋತ ಪಕ್ಷದಲ್ಲಿದ್ದರು. ಆದ್ದರಿಂದ 1461ರಲ್ಲಿ ವಾರ್ಡೂರ್ ಅವರ ಕೈತಪ್ಪಿತು. ಅಲ್ಲಿಂದ ಮುಂದೆ ಅದು ಹಲವರ ಕೈ ಬದಲಾಯಿಸಿತು.

ಅರುಂಡೆಲ್ ಮನೆತನದ ಆಗಮನ

ಕಾರ್ನ್‌ವಾಲ್ ಪ್ರಾಂತದ ಲ್ಯಾನ್‌ಹರ್ನ್ ಎಂಬಲ್ಲಿನ ಪ್ರಾಚೀನ ಮನೆತನವೊಂದರ ಕಿರಿಯ ಮಗನಾದ ಸರ್ ಥಾಮಸ್ ಅರುಂಡೆಲ್ 1544ರಲ್ಲಿ ವಾರ್ಡೂರನ್ನು ಖರೀದಿಸಿದರು. ಇವರ ಪತ್ನಿ ಮಾರ್ಗರೆಟ್ ಹೊವಾರ್ಡ್, ಎಂಟನೆಯ ಹೆನ್ರಿ ಅರಸನ ಐದನೆಯ ರಾಣಿ ಕ್ಯಾಥರೀನ್ ಹೊವಾರ್ಡ್‌ಳ ಸಹೋದರಿ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಮುಂದೆ ಕಥೋಲಿಕ ವಿಶ್ವಾಸಕ್ಕಾಗಿ ಅಪಾರ ಕಷ್ಟ ಅನುಭವಿಸಿದ ಈ ಮನೆತನದ ಸಂಪತ್ತಿನ ಒಂದು ದೊಡ್ಡ ಪಾಲು ಧರ್ಮಸಭೆಯ ಮಠಗಳಿಂದಲೇ ಬಂದದ್ದು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಆ ಕೆಲಸಕ್ಕೆ ನೇಮಕವಾದ ಅಧಿಕಾರಿಗಳಲ್ಲಿ ಸರ್ ಥಾಮಸ್ ಕೂಡ ಒಬ್ಬರು. ವಾರ್ಡೂರ್‌ಗೆ ಹತ್ತಿರದ ಷಾಫ್ಟ್ಸ್‌ಬರಿಯಲ್ಲಿದ್ದ ಶ್ರೀಮಂತ ಕನ್ಯಾಮಠ 1539ರಲ್ಲಿ ಮುಚ್ಚಿದ ಬಳಿಕ ಅದರ ಜಮೀನುಗಳ ಬಹುಭಾಗ ಇವರ ಪಾಲಾಯಿತು. ಆ ಮಠದ ಗೇಣಿ ಧಾನ್ಯ ತುಂಬಿಡುತ್ತಿದ್ದ ಬೃಹತ್ ಕಣಜ ಟಿಸ್ಬರಿಯ ಪ್ಲೇಸ್ ಫಾರ್ಮ್‌ನಲ್ಲಿ ಈಗಲೂ ಇದೆ. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ದೊಡ್ಡ ಕಣಜಗಳಲ್ಲಿ ಅದು ಒಂದು.

ಆದರೆ ಸರ್ ಥಾಮಸ್ ಈ ಸಂಪತ್ತನ್ನು ಬಹಳ ಕಾಲ ಅನುಭವಿಸಲಿಲ್ಲ. ಬಾಲಕ ಅರಸ ಆರನೆಯ ಎಡ್ವರ್ಡ್‌ನ ಕಾಲದಲ್ಲಿ ಸಾಮರ್ಸೆಟ್ ಡ್ಯೂಕ್ ಜೊತೆ ಸೇರಿ ಸಂಚು ಹೂಡಿದರೆಂಬ ಆರೋಪ ಹೊರಿಸಿ 1552ರ ಫೆಬ್ರವರಿ 26ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ಅವರ ಶಿರಚ್ಛೇದ ಮಾಡಲಾಯಿತು. ಆಸ್ತಿ ಮುಟ್ಟುಗೋಲಾಯಿತು. ಮಗ ಸರ್ ಮ್ಯಾಥ್ಯೂ ಅರುಂಡೆಲ್ 1570ರಲ್ಲಿ ಕೋಟೆಯನ್ನು ಮರಳಿ ಪಡೆದು, ಕಿಟಕಿ ಬಾಗಿಲುಗಳನ್ನು ಹೊಸ ರೀತಿಯಲ್ಲಿ ಬದಲಾಯಿಸಿ ಮನೆಯನ್ನು ನವೀಕರಿಸಿದರು. ಪ್ರವೇಶ ದ್ವಾರದ ಮೇಲೆ ಅವರು ಕೆತ್ತಿಸಿದ ಲ್ಯಾಟಿನ್ ಶಾಸನ 1578ರದ್ದು. ತಂದೆ ನಿರಪರಾಧಿಯಾಗಿ ಸತ್ತರೆಂದೂ, ತಂದೆಯದಾಗಿದ್ದುದನ್ನು ಮಗ ಹಣ ಕೊಟ್ಟು ಮರಳಿ ಕೊಂಡನೆಂದೂ, ಕೊಟ್ಟವನೂ ಕಸಿದವನೂ ಮತ್ತೆ ಕೊಟ್ಟವನೂ ದೇವರೇ ಎಂದೂ ಆ ಶಾಸನ ಹೇಳುತ್ತದೆ. ಅದರ ಮೇಲ್ಗಡೆ ಗೂಡಿನಲ್ಲಿ ಕ್ರಿಸ್ತರ ಶಿಲಾಮುಖವಿದೆ. ಅವರ ನಾಮದಡಿಯಲ್ಲಿ ವಂಶವೂ ಮನೆಯೂ ನಿಲ್ಲಲಿ ಎಂಬ ಪ್ರಾರ್ಥನೆಯನ್ನೂ ಅಲ್ಲಿ ಕೆತ್ತಲಾಗಿದೆ. ಮುಂದಿನ ಚರಿತ್ರೆಯನ್ನು ಬಲ್ಲವರಿಗೆ ಈ ಪ್ರಾರ್ಥನೆ ಮನಕಲಕುವಂತಿದೆ.

ಕಾನೂನಿನ ಕತ್ತಿಯಡಿ

ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಕಥೋಲಿಕರ ಮೇಲಿನ ಕಾನೂನುಗಳು ಒಂದೊಂದಾಗಿ ಬಿಗಿಯಾದವು. 1559ರ ಕಾನೂನಿನಂತೆ ಸರಕಾರಿ ಚರ್ಚಿನ ಭಾನುವಾರದ ಆರಾಧನೆಗೆ ಹೋಗದವರಿಗೆ ಪ್ರತಿ ಸಲ 12 ಪೆನ್ಸ್ ದಂಡವಿತ್ತು. 1581ರಲ್ಲಿ ಅದನ್ನು ತಿಂಗಳಿಗೆ 20 ಪೌಂಡುಗಳಿಗೆ ಏರಿಸಲಾಯಿತು. ಸಾಮಾನ್ಯ ರೈತನಿಗೆ ಕನಸಿನಲ್ಲಿಯೂ ಕಾಣದ ಮೊತ್ತವದು. 1585ರಲ್ಲಿ ವಿದೇಶದಲ್ಲಿ ಗುರುದೀಕ್ಷೆ ಪಡೆದ ಕಥೋಲಿಕ ಯಾಜಕನು ಇಂಗ್ಲೆಂಡಿನಲ್ಲಿ ಕಾಲಿಡುವುದೇ ರಾಜದ್ರೋಹವಾಯಿತು. ಅಂಥವರಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆ ವಿಧಿಸಬಹುದಾಗಿತ್ತು.

ಇದು ಬರಿಯ ಬೆದರಿಕೆಯಾಗಿರಲಿಲ್ಲ. ಲ್ಯಾನ್‌ಹರ್ನ್ ಶಾಖೆಯ ಅರುಂಡೆಲ್ ಕುಟುಂಬಕ್ಕೆ ಡಾರ್ಸೆಟ್ ಪ್ರಾಂತದ ಚಿಡಿಯಕ್‌ನಲ್ಲಿಯೂ ಒಂದು ಕೋಟೆಯಿತ್ತು. ಅಲ್ಲಿ ಗುಪ್ತವಾಗಿ ಸೇವೆ ಸಲ್ಲಿಸುತ್ತಿದ್ದ ವಂ. ಜಾನ್ ಕಾರ್ನೀಲಿಯಸ್ ಅವರನ್ನು ಬಂಧಿಸಿ 1594ರಲ್ಲಿ ಡಾರ್ಚೆಸ್ಟರ್‌ನಲ್ಲಿ ಕೊಲ್ಲಲಾಯಿತು. ಅವರೊಂದಿಗೆ ಥಾಮಸ್ ಬಾಸ್‌ಗ್ರೇವ್, ಜಾನ್ ಕೇರಿ ಮತ್ತು ಪ್ಯಾಟ್ರಿಕ್ ಸ್ಯಾಮನ್ ಎಂಬ ಮೂವರು ವಿಶ್ವಾಸಿಗಳೂ ಪ್ರಾಣ ತೆತ್ತರು. ಈ ನಾಲ್ವರನ್ನೂ 1929ರಲ್ಲಿ ಧರ್ಮಸಭೆ ಪುನೀತರೆಂದು ಘೋಷಿಸಿತು.

ಸರ್ ಮ್ಯಾಥ್ಯೂ ಅವರ ಮಗ ಥಾಮಸ್ ಯುವಕನಾಗಿದ್ದಾಗಲೇ ಕಥೋಲಿಕ ನಿಷ್ಠೆಗಾಗಿ ಸೆರೆ ಕಂಡವರು. ಆ ಬಳಿಕ ಯೂರೋಪಿಗೆ ತೆರಳಿ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ರುಡಾಲ್ಫ್‌ನ ಸೈನ್ಯ ಸೇರಿದರು. 1595ರಲ್ಲಿ ಹಂಗೆರಿಯ ಎಸ್ಟರ್‌ಗಾಮ್ ಕದನದಲ್ಲಿ ತುರ್ಕರ ಧ್ವಜವನ್ನು ಕಿತ್ತು ತಂದುದಕ್ಕಾಗಿ ಚಕ್ರವರ್ತಿ ಅವರಿಗೆ ಕೌಂಟ್ ಪದವಿ ನೀಡಿದನು. ತನ್ನ ಪ್ರಜೆಗೆ ಪರದೇಶದ ದೊರೆ ಪದವಿ ಕೊಟ್ಟದ್ದು ಎಲಿಜಬೆತ್ ರಾಣಿಗೆ ಹಿಡಿಸಲಿಲ್ಲ. ಊರಿಗೆ ಮರಳಿದ ವೀರನನ್ನು ಆಕೆ ಸೆರೆಯಲ್ಲಿಟ್ಟಳು. 1605ರಲ್ಲಿ ಒಂದನೆಯ ಜೇಮ್ಸ್ ಅರಸನು ಇವರನ್ನು ವಾರ್ಡೂರಿನ ಮೊದಲ ಬ್ಯಾರನ್ ಆಗಿ ನೇಮಿಸಿದನು.

ಇವರ ಮಗಳು ಆನ್, ಅಮೇರಿಕಾದ ಮೇರಿಲ್ಯಾಂಡ್ ವಸಾಹತಿನ ಒಡೆಯನಾದ ಎರಡನೆಯ ಲಾರ್ಡ್ ಬಾಲ್ಟಿಮೋರ್, ಸಿಸಿಲ್ ಕಾಲ್ವರ್ಟ್ ಅವರ ಪತ್ನಿ. ಕಥೋಲಿಕರಿಗೂ ನೆಮ್ಮದಿಯ ನೆಲೆಯಾಗಲೆಂದು ಸ್ಥಾಪಿತವಾದ ವಸಾಹತು ಅದು. ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್ ಇರುವ ಪ್ರಾಂತಕ್ಕೆ ಇಂದಿಗೂ ಆನ್ ಅರುಂಡೆಲ್ ಎಂದೇ ಹೆಸರು. ವಿಲ್ಟ್‌ಶೈರಿನ ಒಂದು ಹಳ್ಳಿಯ ಮನೆಯ ಮಗಳ ಹೆಸರು ಹೀಗೆ ಸಾಗರದಾಚೆಯ ಭೂಪಟದಲ್ಲಿ ಉಳಿದಿದೆ.

1643ರ ಮುತ್ತಿಗೆ

ಅರಸ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವಣ ಅಂತರ್ಯುದ್ಧ 1642ರಲ್ಲಿ ಆರಂಭವಾಯಿತು. ಎರಡನೆಯ ಬ್ಯಾರನ್ ಥಾಮಸ್ ಅರಸನ ಪಕ್ಷ ವಹಿಸಿ ಮನೆಯಿಂದ ದೂರದಲ್ಲಿದ್ದರು. 1643ರ ಮೇ 2ರಂದು ಪಾರ್ಲಿಮೆಂಟಿನ ಪರವಾಗಿ ಸರ್ ಎಡ್ವರ್ಡ್ ಹಂಗರ್‌ಫರ್ಡ್ ಸುಮಾರು 1,300 ಮಂದಿಯ ಸೈನ್ಯದೊಂದಿಗೆ ಬಂದು ಕೋಟೆ ಒಪ್ಪಿಸುವಂತೆ ಆಗ್ರಹಿಸಿದನು. ಒಳಗಿದ್ದವರು ಬ್ಯಾರನ್ನರ ಪತ್ನಿ ಲೇಡಿ ಬ್ಲಾಂಚ್. ಆಗ ಅವರ ವಯಸ್ಸು ಸುಮಾರು 60. ಆಯುಧ ಹಿಡಿಯಬಲ್ಲ ಗಂಡಸರು ಸುಮಾರು 25 ಮಂದಿ; ಉಳಿದವರೆಲ್ಲ ಸೇವಕರು, ಹೆಂಗಸರು, ಮಕ್ಕಳು.

ಕೋಟೆ ಬಿಡಬೇಡಿರೆಂಬುದು ಯಜಮಾನರ ಆದೇಶವೆಂದು ಹೇಳಿ ಲೇಡಿ ಬ್ಲಾಂಚ್ ಶರಣಾಗಲು ಒಪ್ಪಲಿಲ್ಲ. ಫಿರಂಗಿಯ ಹೊಡೆತದ ನಡುವೆ ಮನೆಗೆಲಸದ ಹೆಂಗಸರು ಬಂದೂಕಿಗೆ ಮದ್ದು ತುಂಬಿ ಗಂಡಸರ ಕೈಗೆ ಕೊಡುತ್ತಿದ್ದರು. ಗೋಡೆಯಡಿ ಸಿಡಿಮದ್ದು ಇಟ್ಟು ಸ್ಫೋಟಿಸಿದ ಮೇಲೆ, ಆರು ದಿನಗಳ ಬಳಿಕ, ಮೇ 8ರಂದು ಗೌರವಯುತ ಷರತ್ತುಗಳ ಮೇಲೆ ಅವರು ಕೋಟೆ ಒಪ್ಪಿಸಿದರು. ಜೀವ ಉಳಿಯಿತು, ಷರತ್ತು ಉಳಿಯಲಿಲ್ಲ. ಮನೆ ಲೂಟಿಯಾಯಿತು, ಮರಗಳನ್ನು ಕಡಿದರು, ಮೀನಿನ ಕೆರೆಗಳನ್ನು ಬರಿದು ಮಾಡಿದರು. ಅದೇ ತಿಂಗಳು ಆಕ್ಸ್‌ಫರ್ಡ್‌ನಲ್ಲಿ ಬ್ಯಾರನ್ ಥಾಮಸ್ ತೀರಿಕೊಂಡ ಸುದ್ದಿ ಬಂತು. ಮನೆಯೂ ಗಂಡನೂ ಇಲ್ಲದ ಲೇಡಿ ಬ್ಲಾಂಚ್ 1649ರಲ್ಲಿ ವಿಂಚೆಸ್ಟರ್‌ನಲ್ಲಿ ನಿಧನರಾದರು. ಪತಿಯ ಸಮಾಧಿಯಿರುವ ಟಿಸ್ಬರಿಯ ಚರ್ಚಿನಲ್ಲಿಯೇ ಅವರನ್ನೂ ಮಣ್ಣು ಮಾಡಲಾಯಿತು.

ಕೋಟೆಯಲ್ಲಿ ಪಾರ್ಲಿಮೆಂಟಿನ ಪರವಾಗಿ ಎಡ್ಮಂಡ್ ಲಡ್ಲೊ ಎಂಬ ಯುವ ಸೇನಾನಿ ಬೀಡುಬಿಟ್ಟನು. ಅದನ್ನು ಬಿಡಿಸಿಕೊಳ್ಳಲು ಮೂರನೆಯ ಬ್ಯಾರನ್ ಹೆನ್ರಿ ತನ್ನ ಸ್ವಂತ ಮನೆಗೇ ಮುತ್ತಿಗೆ ಹಾಕಬೇಕಾಯಿತು. 1644ರ ಮಾರ್ಚ್‌ನಲ್ಲಿ ಅರಸನ ಪಕ್ಷದವರು ಗೋಡೆಯಡಿ ಇಟ್ಟ ಸಿಡಿಮದ್ದು ಸ್ಫೋಟಿಸಿ ಕೋಟೆಯ ಒಂದು ಪಾರ್ಶ್ವ ಕುಸಿದುಬಿತ್ತು. ಮಾರ್ಚ್ 18ರಂದು ಲಡ್ಲೊ ಶರಣಾದನು. ಹೆನ್ರಿಗೆ ಮನೆ ಮರಳಿ ಸಿಕ್ಕಿತು, ಆದರೆ ಅದು ವಾಸಕ್ಕೆ ಯೋಗ್ಯವಾಗಿ ಉಳಿದಿರಲಿಲ್ಲ. ಇಂದು ಪ್ರವಾಸಿಗರು ಕಾಣುವ ಪಾಳು ಆ ದಿನದ ಗುರುತು.

ಟವರ್‌ನಲ್ಲಿ ಐದು ವರ್ಷ

ಯುದ್ಧ ಮುಗಿದು ಅರಸೊತ್ತಿಗೆ ಮರಳಿದ ಮೇಲೂ ಹೆನ್ರಿಗೆ ನೆಮ್ಮದಿ ದೊರೆಯಲಿಲ್ಲ. 1678ರಲ್ಲಿ ಟೈಟಸ್ ಓಟ್ಸ್ ಎಂಬವನು ಅರಸನನ್ನು ಕೊಲ್ಲಲು ಕಥೋಲಿಕರು ಸಂಚು ಮಾಡಿದ್ದಾರೆಂದು ಸುಳ್ಳು ಕಥೆ ಕಟ್ಟಿದನು. ಇಡೀ ದೇಶವೇ ನಂಬಿ ಕೆರಳಿತು. ಐವರು ಕಥೋಲಿಕ ಪ್ರಭುಗಳನ್ನು ಲಂಡನ್ ಟವರ್‌ನಲ್ಲಿ ಸೆರೆಯಿಟ್ಟರು. ಅವರಲ್ಲಿ ಲಾರ್ಡ್ ಅರುಂಡೆಲ್ ಒಬ್ಬರು. ಜೊತೆಗಿದ್ದ ಲಾರ್ಡ್ ಸ್ಟಾಫರ್ಡ್‌ರ ಶಿರಚ್ಛೇದ 1680ರ ಡಿಸೆಂಬರ್ 29ರಂದು ನಡೆಯಿತು. ಅವರೂ 1929ರಲ್ಲಿ ಪುನೀತರೆಂದು ಘೋಷಿತರಾದರು. ಲಾರ್ಡ್ ಪೀಟರ್ ಸೆರೆಯಲ್ಲೇ ತೀರಿಕೊಂಡರು. ಅರುಂಡೆಲ್ ಐದು ವರ್ಷಗಳಿಗೂ ಮಿಕ್ಕಿ ವಿಚಾರಣೆಯೇ ಇಲ್ಲದೆ ಸೆರೆಯಲ್ಲಿದ್ದು 1684ರಲ್ಲಿ ಬಿಡುಗಡೆ ಹೊಂದಿದರು. ಕಥೋಲಿಕ ಅರಸ ಎರಡನೆಯ ಜೇಮ್ಸ್ 1687ರಲ್ಲಿ ಅವರಿಗೆ ರಾಜಮುದ್ರೆಯ ಪಾಲಕರೆಂಬ ಉನ್ನತ ಹುದ್ದೆ ನೀಡಿದನು. 1688ರಲ್ಲಿ ಆ ಅರಸ ದೇಶ ಬಿಟ್ಟು ಓಡಿದ ಮೇಲೆ ಹುದ್ದೆಯೂ ಹೋಯಿತು. ಹೆನ್ರಿ 1694ರಲ್ಲಿ ತೀರಿಕೊಂಡರು.

ಆ ಬಳಿಕ ಕಥೋಲಿಕರ ಮೇಲೆ ಇಮ್ಮಡಿ ಭೂಕಂದಾಯ ಹೇರಲಾಯಿತು. ಜಮೀನು ಕೊಳ್ಳುವುದಕ್ಕೂ ಪಿತ್ರಾರ್ಜಿತವಾಗಿ ಪಡೆಯುವುದಕ್ಕೂ ಕಾನೂನಿನ ಅಡ್ಡಿ ಬಂತು. ಕಥೋಲಿಕ ಯಾಜಕನನ್ನು ಹಿಡಿದುಕೊಟ್ಟವನಿಗೆ 100 ಪೌಂಡು ಬಹುಮಾನವಿತ್ತು. ಇಂಥ ಪರಿಸ್ಥಿತಿಯಲ್ಲಿ ಬಲಿಪೂಜೆ ನಡೆಯಲು ಸಾಧ್ಯವಿದ್ದದ್ದು ಶ್ರೀಮಂತರ ಖಾಸಗಿ ಮನೆಗಳಲ್ಲಿ ಮಾತ್ರ. ಒಡೆಯ ಕಥೋಲಿಕನಾಗಿದ್ದರೆ ಅವನ ಮನೆಯಲ್ಲಿ ಗುರುಗಳಿರುತ್ತಿದ್ದರು. ಗುರುಗಳಿದ್ದರೆ ಸುತ್ತಲಿನ ಒಕ್ಕಲುಗಳಿಗೂ ಸಂಸ್ಕಾರಗಳು ದೊರೆಯುತ್ತಿದ್ದವು. ವಾರ್ಡೂರಿನ ಸುತ್ತಮುತ್ತ ನೂರಾರು ಮಂದಿ ಕಥೋಲಿಕ ರೈತರು, ಕೂಲಿಯವರು, ಕುಶಲಕರ್ಮಿಗಳು ವಿಶ್ವಾಸದಲ್ಲಿ ಉಳಿದದ್ದು ಹೀಗೆ. ಅಂಥ ದಿನಗಳಲ್ಲಿ ಒಡೆಯ ಧರ್ಮ ಬದಲಾಯಿಸಿದರೆ ಒಂದು ಧರ್ಮಕೇಂದ್ರವೇ ಅಳಿಸಿಹೋಗುತ್ತಿತ್ತು. ಹಾಗೆ ಅಳಿಸಿಹೋದ ಊರುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ.

ಹೊಸ ಅರಮನೆ ಮತ್ತು ಅದರೊಳಗಿನ ಚಾಪೆಲ್

ಹಳೆಯ ಕೋಟೆ ಪಾಳುಬಿದ್ದು ನೂರ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮನೆತನಕ್ಕೆ ತಕ್ಕ ಮನೆ ಇರಲಿಲ್ಲ. ಏಳನೆಯ ಬ್ಯಾರನ್ 1739ರಲ್ಲಿ ಲ್ಯಾನ್‌ಹರ್ನ್ ಶಾಖೆಯ ಉತ್ತರಾಧಿಕಾರಿಣಿಯನ್ನು ಮದುವೆಯಾದುದರಿಂದ ಎರಡು ಶಾಖೆಗಳ ಆಸ್ತಿ ಒಂದಾಯಿತು. ಅವರ ಮಗ ಎಂಟನೆಯ ಬ್ಯಾರನ್ ಹೆನ್ರಿ (1740–1808) 1763ರಲ್ಲಿ ಮೇರಿ ಕಾಂಕ್ವೆಸ್ಟ್ ಎಂಬ ಶ್ರೀಮಂತ ಕನ್ಯೆಯನ್ನು ವರಿಸಿದರು. ಹೀಗೆ ಕೈಗೆ ಬಂದ ಸಂಪತ್ತಿನಿಂದ ಅವರು ಜೇಮ್ಸ್ ಪೇನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ವಹಿಸಿದರು. 1770ರಿಂದ 1776ರವರೆಗೆ ಕೆಲಸ ನಡೆಯಿತು. ನಡುವೆ ಮುಖ್ಯ ಕಟ್ಟಡ, ಎರಡೂ ಬದಿಗೆ ಬಾಗಿದ ಮೊಗಸಾಲೆಗಳಿಂದ ಜೋಡಿಸಿದ ಉಪಕಟ್ಟಡಗಳು. ಒಳಗಿನ ವೃತ್ತಾಕಾರದ ಮೆಟ್ಟಿಲ ಅಂಗಣ ಸುಮಾರು 60 ಅಡಿ ಎತ್ತರವಿದ್ದು, ಮೇಲಿನ ಗುಮ್ಮಟದಿಂದ ಬೆಳಕು ಇಳಿಯುತ್ತದೆ.

ಹಳೆಯ ಕೋಟೆಯನ್ನು ಅವರು ಕೆಡವಲಿಲ್ಲ. ಉದ್ಯಾನದ ಅಲಂಕಾರವೆಂಬಂತೆ ಅದನ್ನು ಉಳಿಸಿಕೊಂಡು, ಪಕ್ಕದಲ್ಲಿ ಅತಿಥಿಗಳ ಭೋಜನಕ್ಕೊಂದು ಮನೆ ಕಟ್ಟಿಸಿದರು. 1792ರಲ್ಲಿ ಟಿಸ್ಬರಿಯವರೇ ಆದ ಜೋಸಾಯ ಲೇನ್ ಎಂಬ ಕುಶಲಕರ್ಮಿಯಿಂದ ಅಲ್ಲಿ ಕೃತಕ ಗುಹೆಯೊಂದನ್ನು ಮಾಡಿಸಿದರು.

ನಮ್ಮ ಗಮನಕ್ಕೆ ಮುಖ್ಯವಾದುದು ಪಶ್ಚಿಮದ ಉಪಕಟ್ಟಡದಲ್ಲಿರುವ ಸಕಲ ಸಂತರ ಚಾಪೆಲ್. 1776ರ ನವೆಂಬರ್ 1, ಸಕಲ ಸಂತರ ಹಬ್ಬದಂದು ಅದು ಉದ್ಘಾಟನೆಗೊಂಡಿತು. ಆ ದಿನಾಂಕವನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕು. ಕಥೋಲಿಕರ ಆಸ್ತಿ ಹಕ್ಕಿನ ಮೇಲಿನ ನಿರ್ಬಂಧ ಸಡಿಲಗೊಂಡದ್ದು 1778ರಲ್ಲಿ. ಕಥೋಲಿಕ ಚಾಪೆಲ್‌ಗಳಿಗೆ ಕಾನೂನಿನ ಮಾನ್ಯತೆ ಬಂದದ್ದು 1791ರಲ್ಲಿ. ಆಗಲೂ ಗೋಪುರ ಮತ್ತು ಗಂಟೆ ಇರಬಾರದು, ಆರಾಧನೆಯ ವೇಳೆ ಬಾಗಿಲಿಗೆ ಅಗುಳಿ ಹಾಕಬಾರದು ಎಂಬ ಷರತ್ತುಗಳಿದ್ದವು. ಕಥೋಲಿಕ ಪ್ರಭುಗಳಿಗೆ ಪಾರ್ಲಿಮೆಂಟಿನ ಬಾಗಿಲು ಮತ್ತೆ ತೆರೆದದ್ದು 1829ರಲ್ಲಿ. ಅಂದರೆ ಈ ಚಾಪೆಲ್ ಮಾನ್ಯತೆ ಪಡೆಯುವುದಕ್ಕೆ 15 ವರ್ಷ ಮೊದಲೇ ಎದ್ದು ನಿಂತಿತ್ತು. ಹೊರಗಡೆ ಶಿಲುಬೆಯಿಲ್ಲ, ಗೋಪುರವಿಲ್ಲ. ಮನೆಯ ಉಳಿದ ಕಿಟಕಿಗಳಂತೆಯೇ ಕಿಟಕಿಗಳು. ಒಳಗೆ ಕಾಲಿಟ್ಟರೆ ಮಾತ್ರ ಅದು ರೋಮ್ ನಗರದ ಚರ್ಚಿನಂತೆ ಕಾಣುತ್ತದೆ.

ಹಾಗೆ ಕಾಣುವುದಕ್ಕೆ ಕಾರಣವೂ ಇದೆ. ರೋಮ್‌ನಲ್ಲಿದ್ದ ವಂ. ಜಾನ್ ಥಾರ್ಪ್ ಎಂಬ ಯೇಸು ಸಭೆಯ ಗುರುಗಳು ಲಾರ್ಡ್ ಅರುಂಡೆಲ್ ಪರವಾಗಿ ಕಲಾಕೃತಿಗಳನ್ನು ಆರಿಸಿ ಕಳುಹಿಸುತ್ತಿದ್ದರು. ಅಮೃತಶಿಲೆಯ ಬಲಿಪೀಠವನ್ನು ವಿನ್ಯಾಸಗೊಳಿಸಿದವರು ಜಾಕೊಮೊ ಕ್ವಾರೆಂಗಿ; ಮುಂದೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕ್ಯಾಥರೀನ್ ಸಾಮ್ರಾಜ್ಞಿಗಾಗಿ ಕಟ್ಟಡಗಳನ್ನು ನಿರ್ಮಿಸಿ ಹೆಸರಾದವರು. ಜನಸಂಖ್ಯೆ ಹೆಚ್ಚಿದಂತೆ ಸ್ಥಳ ಸಾಲದಾಯಿತು. 1790ರ ಸುಮಾರಿಗೆ ಸರ್ ಜಾನ್ ಸೋನ್ ಚಾಪೆಲ್ ಅನ್ನು ವಿಸ್ತರಿಸಿ ಪೀಠದ ಭಾಗವನ್ನು ಹೊಸದಾಗಿ ರೂಪಿಸಿದರು. ಒಬ್ಬ ಪ್ರಭುವಿನ ಕುಟುಂಬಕ್ಕೆ ಇಷ್ಟು ದೊಡ್ಡ ಚಾಪೆಲ್ ಬೇಕಿರಲಿಲ್ಲ ಎಂಬುದು ಗಮನಾರ್ಹ. ಅದು ಮೊದಲಿಂದಲೂ ಸುತ್ತಲಿನ ಜನರಿಗಾಗಿ ಕಟ್ಟಿದ ಚರ್ಚ್.

ಇನ್ನೊಂದು ವಿಷಯವೂ ಉಲ್ಲೇಖನೀಯ. ನಮ್ಮ ಕರಾವಳಿಯವರಿಗೂ ಚಿರಪರಿಚಿತವಾದ ಯೇಸು ಸಭೆಯನ್ನು ಪೋಪರು 1773ರಲ್ಲಿ ವಿಸರ್ಜಿಸಿದ್ದರು. ಅದು ಮರುಸ್ಥಾಪನೆಯಾದದ್ದು 1814ರಲ್ಲಿ. ಚಾಪೆಲ್ ತೆರೆದಾಗ ಅಲ್ಲಿ ಸೇವೆ ಸಲ್ಲಿಸುತ್ತಿದ್ದವರು ಸಭೆಯನ್ನು ಕಳಕೊಂಡ ಯೇಸು ಸಭೆಯ ಗುರುಗಳು. ಸಭೆಯ ಹೆಸರೇ ಇಲ್ಲದ ದಿನಗಳಲ್ಲಿಯೂ ಅವರು ಜನರನ್ನು ಬಿಟ್ಟು ಹೋಗಲಿಲ್ಲ.

ಸಾಲ, ದಾನ ಮತ್ತು ಟ್ರಸ್ಟ್

ಎಂಟನೆಯ ಬ್ಯಾರನ್ ಉದಾರಿ. 1794ರಲ್ಲಿ ಫ್ರಾನ್ಸಿನ ಕ್ರಾಂತಿ ಸೈನ್ಯಕ್ಕೆ ಹೆದರಿ ಆಂಟ್‌ವರ್ಪ್‌ನಿಂದ ಓಡಿ ಬಂದ ಇಂಗ್ಲಿಷ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರಿಗೆ ಲ್ಯಾನ್‌ಹರ್ನ್‌ನ ಪೂರ್ವಜರ ಮನೆಯನ್ನೇ ಬಿಟ್ಟುಕೊಟ್ಟರು. ಎರಡು ಶತಮಾನಗಳಿಗೂ ಮಿಕ್ಕಿ ಕಾರ್ಮೆಲ್ ಭಗಿನಿಯರು ಅಲ್ಲಿ ಪ್ರಾರ್ಥನೆಯ ಬಾಳು ಬಾಳಿದರು. ಮಠದ ಆಸ್ತಿಯಿಂದ ಬೆಳೆದ ಮನೆತನ ಕಡೆಗೆ ತನ್ನ ಮೂಲ ಮನೆಯನ್ನು ಮಠಕ್ಕೆ ಕೊಟ್ಟಿತು ಎಂಬುದನ್ನು ಓದುಗರು ಗಮನಿಸಬಹುದು.

ಆದರೆ ಕಟ್ಟಡದ ಖರ್ಚು ಮತ್ತು ವೈಭವದ ಜೀವನ ದೊಡ್ಡ ಸಾಲವನ್ನು ಉಳಿಸಿದವು. ಹುತಾತ್ಮರ ನೆನಪಿನ ಚಿಡಿಯಕ್ 1802ರಲ್ಲಿ ಮಾರಾಟವಾಯಿತು. ಕೊಂಡವರು ಇನ್ನೊಂದು ಕಥೋಲಿಕ ಮನೆತನವಾದ ವೆಲ್ಡ್ ಕುಟುಂಬದವರೆಂಬುದು ಸಮಾಧಾನದ ವಿಷಯ. ಗಂಡು ಸಂತಾನವಿಲ್ಲದ ಕಾರಣ 1808ರಲ್ಲಿ ಪದವಿ ದಾಯಾದಿಗೆ ಹೋಯಿತು; ಅವರು ಎಂಟನೆಯ ಬ್ಯಾರನ್ನರ ಮಗಳನ್ನೇ ಮದುವೆಯಾಗಿದ್ದರು. ಹತ್ತೊಂಬತ್ತನೆಯ ಶತಮಾನವಿಡೀ ಮನೆತನ ಹಳೆಯ ವೈಭವವಿಲ್ಲದೆ, ಆದರೆ ಧರ್ಮನಿಷ್ಠೆ ಬಿಡದೆ ನಡೆಯಿತು.

12ನೆಯ ಬ್ಯಾರನ್ ಜಾನ್ ಫ್ರಾನ್ಸಿಸ್ (1831–1906) ಮಾಡಿದ ಒಂದು ಕೆಲಸ ಈ ಇಡೀ ಕಥೆಯ ತಿರುವು. ಅವರಿಗೆ ಮಕ್ಕಳಿರಲಿಲ್ಲ. ಚಾಪೆಲ್ ಮನೆತನದ ಆಸ್ತಿಯಾಗಿಯೇ ಉಳಿದರೆ ಮುಂದೆ ಮನೆ ಯಾರ ಕೈಗೆ ಹೋಗುವುದೋ ಅವರ ಇಚ್ಛೆಯಂತೆ ಅದರ ಗತಿಯೂ ಆಗುತ್ತಿತ್ತು. ಆದ್ದರಿಂದ 1898ರಲ್ಲಿ ಅವರು ಚಾಪೆಲ್‌ಗಾಗಿ ಪ್ರತ್ಯೇಕ ಟ್ರಸ್ಟ್ ರಚಿಸಿ, ಅದರ ನಿರ್ವಹಣೆಗೆ ನಿಧಿಯನ್ನೂ ಇರಿಸಿದರು. ಅವರ ನಂತರ ಪದವಿಗೆ ಬಂದ ತಮ್ಮ ಎವೆರಾರ್ಡ್ ಅಲೋಶಿಯಸ್ ಗೊನ್ಜಾಗಾ ಸ್ವತಃ ಕಥೋಲಿಕ ಯಾಜಕರು. ಒಂದೇ ವರ್ಷದೊಳಗೆ, 1907ರಲ್ಲಿ, ಅವರೂ ತೀರಿಕೊಂಡರು.

ವಂಶದ ಕೊನೆ

ಕೊನೆಯವರಾದ 16ನೆಯ ಬ್ಯಾರನ್ ಜಾನ್ ಫ್ರಾನ್ಸಿಸ್ 1907ರಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ವಿಲ್ಟ್‌ಶೈರ್ ರೆಜಿಮೆಂಟಿನ ಅಧಿಕಾರಿಯಾಗಿದ್ದು 1940ರಲ್ಲಿ ಜರ್ಮನರ ಕೈಗೆ ಸೆರೆಸಿಕ್ಕರು. ಹೆಸರಾಂತ ಕೋಲ್ಡಿಟ್ಜ್ ಕೋಟೆಯ ಸೆರೆಯಲ್ಲಿ ಅವರಿಗೆ ಕ್ಷಯರೋಗ ತಗಲಿತು. ರೋಗಿಯೆಂಬ ಕಾರಣಕ್ಕೆ ಬಿಡುಗಡೆ ಪಡೆದು ಇಂಗ್ಲೆಂಡ್ ಮುಟ್ಟಿದರೂ 1944ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅವರು ಅವಿವಾಹಿತರು. 1605ರಲ್ಲಿ ಆರಂಭವಾದ ಪದವಿ 339 ವರ್ಷಗಳ ಬಳಿಕ ಅವರೊಂದಿಗೇ ಮುಗಿಯಿತು.

ಯುದ್ಧಾನಂತರ ಕೆಲವು ವರ್ಷ ಅರಮನೆ ಯೇಸು ಸಭೆಯವರ ಬಳಕೆಯಲ್ಲಿತ್ತು. 1960ರಿಂದ 1990ರವರೆಗೆ ಅಲ್ಲಿ ಕ್ರಾನ್‌ಬೋರ್ನ್ ಚೇಸ್ ಎಂಬ ಹೆಣ್ಣುಮಕ್ಕಳ ವಸತಿ ಶಾಲೆ ನಡೆಯಿತು. ಸಂಗೀತ ರಚನಕಾರ ಹ್ಯಾರಿಸನ್ ಬರ್ಟ್‌ವಿಸಲ್ ಅಲ್ಲಿ ಕಲಿಸಿದವರು. ಶಾಲೆ ಮುಚ್ಚಿದ ಮೇಲೆ ಕಟ್ಟಡವನ್ನು ವಿಭಜಿಸಿ ಖಾಸಗಿ ವಸತಿಗಳನ್ನಾಗಿ ಮಾಡಲಾಯಿತು.

ಇಂದು ಏನೇನು ಉಳಿದಿದೆ?

ಹಳೆಯ ಕೋಟೆ: ರಾಷ್ಟ್ರೀಯ ಸ್ಮಾರಕವಾಗಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಪಾಲನೆಯಲ್ಲಿದ್ದು ಸಾರ್ವಜನಿಕರು ನೋಡಬಹುದು. ಪ್ರವೇಶ ದ್ವಾರ, 1578ರ ಶಾಸನ, ಸಭಾಂಗಣದ ಗೋಡೆಗಳು, ಅಂಗಳದ ಬಾವಿ, ಕೃತಕ ಗುಹೆ ಮತ್ತು ಭೋಜನದ ಮನೆ ಉಳಿದಿವೆ. 1991ರ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ ಚಲನಚಿತ್ರದ ಚಿತ್ರೀಕರಣ ಇಲ್ಲಿಯೂ ನಡೆದಿತ್ತು.

ಹೊಸ ಅರಮನೆ: ಹೊರರೂಪ ಮತ್ತು ಮೆಟ್ಟಿಲ ಅಂಗಣ ಸುರಕ್ಷಿತವಾಗಿವೆ. ಖಾಸಗಿ ವಸತಿಯಾದ್ದರಿಂದ ಸಾರ್ವಜನಿಕರಿಗೆ ತೆರೆದಿಲ್ಲ. 2000ನೇ ಇಸವಿಯ ‘ಬಿಲ್ಲಿ ಎಲಿಯಟ್’ ಚಿತ್ರದಲ್ಲಿ ಬಾಲಕನು ನೃತ್ಯ ಶಾಲೆಯ ಪರೀಕ್ಷೆಗೆ ಬರುವ ದೃಶ್ಯಗಳಲ್ಲಿ ಈ ಅಂಗಣ ಕಾಣುತ್ತದೆ.

ಸಕಲ ಸಂತರ ಚಾಪೆಲ್: ಟ್ರಸ್ಟಿನ ಆಡಳಿತದಲ್ಲಿದೆ. ಕ್ಲಿಫ್ಟನ್ ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುವ ಇಲ್ಲಿ ಬಲಿಪೂಜೆ ಮತ್ತು ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ. ರೋಮ್‌ನಿಂದ ಬಂದ ಬಲಿಪೀಠ ಸ್ವಸ್ಥಾನದಲ್ಲಿಯೇ ಇದೆ. ಹಳೆಯ ಪೂಜಾವಸ್ತ್ರಗಳ ಅಮೂಲ್ಯ ಸಂಗ್ರಹವನ್ನೂ ಕಾಪಾಡಿಕೊಂಡು ಬರಲಾಗಿದೆ.

ಟಿಸ್ಬರಿ ಚರ್ಚ್: ಊರಿನ ಹಳೆಯ ಸ್ನಾನಿಕ ಯೊವಾನ್ನರ ಚರ್ಚ್ ಈಗ ಆಂಗ್ಲಿಕನ್ ಸಭೆಯದ್ದು. ಅರುಂಡೆಲ್ ಪೂರ್ವಜರ ಸಮಾಧಿಗಳು ಅಲ್ಲಿವೆ. ಬದುಕಿದ್ದಾಗ ಅಲ್ಲಿನ ಆರಾಧನೆಗೆ ಹೋಗಲು ಒಪ್ಪದೆ ದಂಡ ತೆತ್ತ ಮನೆತನದವರು ಸತ್ತ ಮೇಲೆ ಅಲ್ಲಿಯೇ ಮಲಗಿದ್ದಾರೆ. ಕಥೋಲಿಕರಿಗೆ ಅಂದು ಬೇರೆ ಸ್ಮಶಾನವಿರಲಿಲ್ಲ.

ನಾವು ಕಲಿಯಬೇಕಾದುದು

ವಾರ್ಡೂರಿನ ಮೂರು ಕಟ್ಟಡಗಳನ್ನು ಹೋಲಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೋಟೆಯನ್ನು ಬಲದಿಂದ ರಕ್ಷಿಸಲು ಯತ್ನಿಸಿದರು. ಅದು ಒಂದೇ ವರ್ಷದಲ್ಲಿ ಎರಡು ಮುತ್ತಿಗೆಗಳಿಗೆ ಬಲಿಯಾಯಿತು. ಅರಮನೆಯನ್ನು ಹಣದಿಂದ ಕಟ್ಟಿದರು. ಅದು ಸಾಲ ಉಳಿಸಿ ಪರರ ಪಾಲಾಯಿತು. ಚಾಪೆಲ್ ಕಟ್ಟಿದ್ದೂ ಅದೇ ಹಣದಿಂದಲೇ. ಆದರೆ ಅದನ್ನು ಬಳಸುವ ಜನರಿದ್ದರು, ಹಾಗೂ ಒಡೆತನವನ್ನು ಸಕಾಲದಲ್ಲಿ ಮನೆತನದಿಂದ ಬೇರ್ಪಡಿಸಿ, ಕಾಗದಪತ್ರ ಸರಿಪಡಿಸಿ, ನಿರ್ವಹಣೆಗೆ ನಿಧಿ ಇರಿಸಿದವರಿದ್ದರು. ಜನರಿದ್ದು ದಾಖಲೆ ಇಲ್ಲದಿದ್ದರೆ ಮಾರಾಟವಾಗುತ್ತಿತ್ತು. ದಾಖಲೆಯಿದ್ದು ಜನರಿಲ್ಲದಿದ್ದರೆ ವಸ್ತುಸಂಗ್ರಹಾಲಯವಾಗುತ್ತಿತ್ತು.

ದಾನಿಗಳು ಕೊಟ್ಟ ಜಾಗದಲ್ಲಿ ಕಟ್ಟಿದ ಶಿಲುಬೆ ಗುಡಿಗಳು, ಕುಟುಂಬಗಳು ನೋಡಿಕೊಂಡು ಬಂದ ಚಿಕ್ಕ ಚಾಪೆಲ್‌ಗಳು ಯಾವ ಧರ್ಮಪ್ರಾಂತ್ಯದಲ್ಲಿಯೂ ಇರುವಂಥವೇ. ದಾನಿ ಬದುಕಿರುವಷ್ಟು ದಿನ ಯಾರೂ ಪ್ರಶ್ನೆ ಕೇಳುವುದಿಲ್ಲ. ಮೂರನೆಯ ತಲೆಮಾರಿನಲ್ಲಿ ಜಾಗದ ಪಹಣಿಪತ್ರ ಯಾರ ಹೆಸರಿನಲ್ಲಿದೆ, ಛಾವಣಿ ರಿಪೇರಿಗೆ ಹಣ ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಪಾಲನಾ ಪರಿಷತ್ತಿನ ಸದಸ್ಯರೂ ಗುರಿಕಾರರೂ ಈ ಎರಡು ಪ್ರಶ್ನೆಗಳನ್ನು ದಾನಿ ಇರುವಾಗಲೇ ಪ್ರೀತಿಯಿಂದ ಕೇಳಿ ಉತ್ತರವನ್ನು ಬರೆದಿಡುವುದು ಒಳಿತು. ಮಕ್ಕಳಿಲ್ಲದ ಒಬ್ಬ ಬ್ಯಾರನ್ 1898ರಲ್ಲಿ ಮಾಡಿದ್ದು ಇಷ್ಟೇ. ಅವರ ವಂಶದ ಹೆಸರು ಹೇಳುವವರು ಇಂದು ಆ ಅರಮನೆಯಲ್ಲಿ ಇಲ್ಲದಿದ್ದರೂ, ಅದರ ಪಶ್ಚಿಮ ಬದಿಯ ಬಾಗಿಲು ಬಲಿಪೂಜೆಗಾಗಿ ತೆರೆಯುತ್ತಲೇ ಇದೆ.